ಬೆಲೆ ಏರಿದಾಗ, ಯುದ್ಧ ನಡೆಯುವಾಗ ಓಟು ಹಾಕುವ ಬಗೆ

ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕಳೆಯುವ ಲೆಕ್ಕ ಕೊಟ್ಟರೆ ಪೆನ್ಸಿಲ್ ಕಚ್ಚಿಕೊಂಡು ಕೂರುತ್ತಿದ್ದ. ಆದರೆ ಗೋಡೆ ಗಡಿಯಾರ ನೋಡಿ ಊಟದ ಬೆಲ್‌ಗೆ ಇನ್ನೆಷ್ಟು ನಿಮಿಷ ಅಂತ ತಟ್ಟನೆ ಹೇಳುತ್ತಿದ್ದ. "ಮಿಸ್, ಇನ್ನು ಮೂವತ್ತೇಳು." ರಜೆ ಮುಗಿದ ಮಾರನೇ ದಿನ ಈ ಲೆಕ್ಕ ಇನ್ನೂ ಚುರುಕು. ಯಾಕೆ ಅಂತ ನನಗೆ ಗೊತ್ತಾಗಲು ಒಂದು ವರ್ಷ ಹಿಡಿಯಿತು.

ಅವನ ಅಮ್ಮ ಒಮ್ಮೆ ಕೇಳಿದರು, "ಓಟು ಹಾಕಿ ಏನಾಗ್ಬೇಕಿದೆ ಮಿಸ್? ಯುದ್ಧ ನಿಲ್ಲುತ್ತಾ? ಎಣ್ಣೆ ರೇಟು ಇಳಿಯುತ್ತಾ?" ನಾನು ಹಕ್ಕು, ಕರ್ತವ್ಯ ಅಂತ ಏನೋ ಗೊಣಗಿದೆ. ಅವರು ನಕ್ಕು ಸುಮ್ಮನಾದರು. ಆಮೇಲೆ ಆರು ಸಲ ಮತಗಟ್ಟೆಯಲ್ಲಿ ಕೆಲಸ ಮಾಡಿದ್ದೇನೆ. ಈಗ ಅವರು ಕೇಳಿದರೆ ಏನು ಹೇಳ್ತೀನೋ ಅದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಪ್ರಶ್ನೆಯನ್ನು ಚಿಕ್ಕದು ಮಾಡಿಕೊಳ್ಳಿ

"ನನ್ನ ಓಟಿನಿಂದ ಯುದ್ಧ ನಿಲ್ಲುತ್ತಾ" ಅಂತ ಕೇಳಿದರೆ ಉತ್ತರ ಸಿಗಲ್ಲ. "ಯುದ್ಧದ ಖರ್ಚನ್ನು ಯಾರ ತಟ್ಟೆಯಿಂದ ತೆಗೀತಾರೆ" ಅಂತ ಕೇಳಿ. 2022ರಲ್ಲಿ ಯುಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ, ಗೋಧಿಯ ಬೆಲೆ ಜಗತ್ತಿನ ಎಲ್ಲ ಕಡೆ ಏರಿತು. ಬೆಲೆ ಏರೋದನ್ನು ಒಂದು ಸರ್ಕಾರ ತಡೆಯಲಾರದೇ ಇರಬಹುದು. ಆದರೆ ಏರಿದ ಮೇಲೆ ಬಡವರ ಮನೆಗೆ ಏನು ಕೊಡೋದು, ಯಾವ ಖರ್ಚು ಕಡಿಮೆ ಮಾಡೋದು, ಇದನ್ನು ಕೈ ಎತ್ತಿ ತೀರ್ಮಾನ ಮಾಡುವವರು ನಾವು ಆರಿಸಿದವರೇ.

ನನಗೆ ಇದು ಅರ್ಥವಾಗಿದ್ದು ಅಮೆರಿಕದ ಒಂದು ಲೆಕ್ಕದಿಂದ. 2021ರ ಜನವರಿಯಲ್ಲಿ ಜಾರ್ಜಿಯಾ ರಾಜ್ಯದ ಎರಡು ಸೆನೆಟ್ (ಅಲ್ಲಿನ ಸಂಸತ್ತಿನ ಮೇಲ್ಮನೆ) ಸ್ಥಾನಗಳಿಗೆ ಎರಡನೇ ಸುತ್ತಿನ ಮತದಾನ ನಡೆಯಿತು. ಅದರಿಂದ ಸೆನೆಟ್‌ನಲ್ಲಿ ಎರಡೂ ಕಡೆಯ ಬಲ 50-50 ಆಯಿತು. ಎರಡೇ ತಿಂಗಳಿಗೆ, ಮಾರ್ಚ್‌ನಲ್ಲಿ, ಅದೇ ಸೆನೆಟ್ 50-49ರಲ್ಲಿ ಒಂದು ಮಸೂದೆ ಪಾಸು ಮಾಡಿತು. ಮಕ್ಕಳಿರುವ ಮನೆಗಳಿಗೆ ಕೊಡುವ ಹಣ ಅದರಿಂದ ಹೆಚ್ಚಾಯಿತು. ಆರು ವರ್ಷದೊಳಗಿನ ಮಗುವಿಗೆ ವರ್ಷಕ್ಕೆ 3,600 ಡಾಲರ್ ತನಕ. ಸರ್ಕಾರಿ ನೆರವನ್ನೂ ಸೇರಿಸಿ ಅಳೆಯುವ ಲೆಕ್ಕದಲ್ಲಿ ಅಲ್ಲಿನ ಮಕ್ಕಳ ಬಡತನ ಆ ವರ್ಷ ಶೇ 5.2ಕ್ಕೆ ಇಳಿಯಿತು. ಮುಂದುವರಿಸಲು ಸಾಕಷ್ಟು ಓಟು ಸಿಗಲಿಲ್ಲ, ಯೋಜನೆ ನಿಂತಿತು. 2022ರಲ್ಲಿ ಅದೇ ಅಂಕಿ ಶೇ 12.4. ಮಕ್ಕಳು ಅವರೇ, ಅಪ್ಪ ಅಮ್ಮನೂ ಅವರೇ. ಒಂದು ವರ್ಷದಲ್ಲಿ ಅಷ್ಟೂ ಜನ ಸೋಮಾರಿಗಳಾದರು ಅಂತ ಹೇಳೋಕಾಗುತ್ತಾ?

ಯುದ್ಧದ ವಿಷಯದಲ್ಲೂ ಕೆಲವೊಮ್ಮೆ ಅಂತರ ಇಷ್ಟೇ ಇರುತ್ತೆ. 2013ರ ಆಗಸ್ಟ್‌ನಲ್ಲಿ ಬ್ರಿಟನ್ ಸರ್ಕಾರ ಸಿರಿಯಾ ಮೇಲೆ ಸೇನಾ ಕ್ರಮಕ್ಕೆ ಸಂಸತ್ತಿನ ಒಪ್ಪಿಗೆ ಕೇಳಿತು. 285-272ರಲ್ಲಿ ಸೋತಿತು, ಹಿಂದೆ ಸರಿಯಿತು. ಸರಿಯೋ ತಪ್ಪೋ, ಅದನ್ನು ನಾನು ಹೇಳಲ್ಲ. ತೀರ್ಮಾನ ಆಗಿದ್ದು ಹದಿಮೂರು ಜನರ ಅಂತರದಲ್ಲಿ, ಅಷ್ಟೇ.

ಪಟ್ಟಿಯಲ್ಲಿ ಹೆಸರು: ಇವತ್ತೇ ನೋಡಿ

ಕಷ್ಟದಲ್ಲಿರುವವರು ಮನೆ ಬದಲಾಯಿಸೋದು ಜಾಸ್ತಿ. ಬಾಡಿಗೆ ಏರುತ್ತೆ, ಕೆಲಸ ಹೋಗುತ್ತೆ, ಗಲಾಟೆಗೆ ಹೆದರಿ ಊರೇ ಬಿಡಬೇಕಾಗುತ್ತೆ. ಪ್ರತಿ ಸಲ ಮನೆ ಬದಲಾದಾಗಲೂ ಮತದಾರರ ಪಟ್ಟಿಯಿಂದ ಹೆಸರು ಜಾರಿಹೋಗುವ ಅಪಾಯ ಇದೆ.

ಒಂದು ಸಲ ಮತದಾನ ಮುಗಿಯೋಕೆ ಐದು ನಿಮಿಷ ಇತ್ತು. ಹೆಗಲ ಮೇಲೆ ಮಲಗಿದ ಮಗುವನ್ನು ಹೊತ್ತು ಒಬ್ಬ ಹೆಂಗಸು ಓಡಿ ಬಂದರು. ಗುರುತಿನ ಚೀಟಿ ಕೈಯಲ್ಲೇ ಇತ್ತು. ನಾನು ಪಟ್ಟಿಯ ಮೇಲೆ ಸ್ಕೇಲ್ ಇಟ್ಟು ಒಂದೊಂದೇ ಸಾಲು ಇಳಿಸಿದೆ. ಹೆಸರಿಲ್ಲ. "ಹೋದ ಸಲ ಇತ್ತಲ್ಲ ಮೇಡಂ," ಅಂದರು. ಇತ್ತು, ಹಳೇ ಮನೆಯ ವಿಳಾಸದಲ್ಲಿ. ಅವರು ಮಗುವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ವಾಪಸ್ ಹೋದರು. ನಾನು ಬಾಗಿಲು ಹಾಕಿಸಬೇಕಾಯಿತು.

ಮರುವರ್ಷ ನನ್ನದೇ ಹೆಸರು ಇರಲಿಲ್ಲ! ಅರ್ಜಿ ಕೊಟ್ಟಿದ್ದೆ, ಕಚೇರಿಯಲ್ಲಿ ಎಲ್ಲೋ ಉಳಿದುಹೋಗಿತ್ತು. ಹಾಗಾಗಿ ಅರ್ಜಿ ಕೊಟ್ಟರೆ ಸಾಲದು. ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ. ಹೊಸ ಪಟ್ಟಿ ಬಂದಾಗ ನಿಮ್ಮ ಹೆಸರನ್ನು ಕಣ್ಣಾರೆ ನೋಡಿ. ಗುರುತಿನ ಚೀಟಿ ಇದೆ ಅಂದ ಮಾತ್ರಕ್ಕೆ ಪಟ್ಟಿಯಲ್ಲಿ ಹೆಸರಿದೆ ಅಂತಲ್ಲ. ಎರಡೂ ಬೇರೆ ಬೇರೆ. ಮತಗಟ್ಟೆ ಬಾಗಿಲಲ್ಲಿ ನಾನು ಅತಿ ಹೆಚ್ಚು ಸಲ ಹೇಳಿರುವ ಮಾತು ಇದೇ ಇರಬೇಕು.

ಅಭ್ಯರ್ಥಿಗೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ

ಪ್ರಣಾಳಿಕೆ ಪೂರ್ತಿ ಓದುವ ಪುರುಸೊತ್ತು ಯಾರಿಗಿದೆ? ನಾನು ಮಕ್ಕಳ ಮಟ್ಟಿಗೆ ಮಾತ್ರ ಕೇಳ್ತೀನಿ. "ಶಾಲೆಯ ಊಟಕ್ಕೆ, ಚಿಕ್ಕ ಮಕ್ಕಳ ಆರೈಕೆಗೆ ನೀವು ಎಷ್ಟು ಹಣ ಇಡ್ತೀರಿ, ಯಾವ ಖರ್ಚು ಕಡಿಮೆ ಮಾಡಿ ಇಡ್ತೀರಿ?" ಎರಡನೇ ಭಾಗ ಮುಖ್ಯ. ಕೊಡ್ತೀವಿ ಅನ್ನೋದು ಸುಲಭ, ಎಲ್ಲಿಂದ ಅಂತ ಹೇಳೋದು ಕಷ್ಟ. ತಡವರಿಸಿದರೂ ಪರವಾಗಿಲ್ಲ, ಉತ್ತರ ಹುಡುಕ್ತಿದ್ದಾರೆ ಅಂತ ಅಂದುಕೊಳ್ತೀನಿ. ಮಾತು ತಿರುಗಿಸಿದರೆ ಮಾತ್ರ ನಾನು ಗುರುತು ಹಾಕಿಕೊಳ್ತೀನಿ.

ಮೊದಲೇ ಗೆದ್ದವರಾದರೆ ಇನ್ನೂ ಸುಲಭ: ಹಿಂದೆ ಸದನದಲ್ಲಿ ಏನಕ್ಕೆ ಕೈ ಎತ್ತಿದ್ದರು ನೋಡಿ. 1945ರಲ್ಲಿ ಬ್ರಿಟನ್‌ನಲ್ಲಿ ಮಕ್ಕಳ ಭತ್ಯೆಯ ಮಸೂದೆ ಬಂತು. ಸರ್ಕಾರ ಬರೆದಿದ್ದು ಹಣ ಅಪ್ಪನಿಗೆ ಅಂತ. ಎಲಿನಾರ್ ರಾತ್‌ಬೋನ್ ಅನ್ನುವ ಪಕ್ಷೇತರ ಸದಸ್ಯೆ ಈ ಭತ್ಯೆಗಾಗಿ ದಶಕಗಳಿಂದ ಹೋರಾಡಿದ್ದವರು. ಅಮ್ಮನ ಕೈಗೇ ಕೊಡಿ ಅಂತ ಅವರು ಪಟ್ಟು ಹಿಡಿದರು. ಸದಸ್ಯರು ಮಸೂದೆ ತಿದ್ದಿದರು. 1946ರ ಆಗಸ್ಟ್‌ನಿಂದ ಎರಡನೇ ಮಗುವಿನಿಂದ ಹಿಡಿದು ಪ್ರತಿ ಮಗುವಿಗೆ ವಾರಕ್ಕೆ 5 ಶಿಲಿಂಗ್, ಅಮ್ಮನ ಹೆಸರಿಗೆ. ಮನೆ ನಡೆಸುವವರಿಗೆ ಈ ಒಂದು ಪದದ ತಿದ್ದುಪಡಿ ಎಷ್ಟು ದೊಡ್ಡದು ಅಂತ ಹೇಳಬೇಕಾಗಿಲ್ಲ.

ಯಾರೂ ಇಷ್ಟ ಆಗಲಿಲ್ಲ ಅಂದ್ರೆ? ನನಗೂ ಎಷ್ಟೋ ಸಲ ಹಾಗೇ ಆಗಿದೆ. ಮದುವೆ ಸಂಬಂಧ ನೋಡ್ತಿಲ್ಲವಲ್ಲ, ಕಡಿಮೆ ಕೆಡಿಸುವವರಿಗೆ ಹಾಕಿ ಬಂದೆ.

ದುಡ್ಡು ತಂದು ಕೊಟ್ಟರೆ

ಕೈಯಲ್ಲಿ ಕಾಸಿಲ್ಲದಾಗಲೇ ಇದು ಬರುತ್ತೆ. ತಗೋಬೇಡಿ, ಕೊಡೋದೂ ತಗೊಳ್ಳೋದೂ ಎರಡೂ ಅಪರಾಧ. "ಯಾರಿಗೆ ಹಾಕಿದಿರಿ ಅಂತ ನಮಗೆ ಗೊತ್ತಾಗುತ್ತೆ" ಅಂತ ಹೆದರಿಸ್ತಾರೆ. ಗುಟ್ಟಿನ ಮತದಾನ ಸರಿಯಾಗಿ ನಡೆಯುವ ಕಡೆ ಇದು ಸುಳ್ಳು. ಆ ಪದ್ಧತಿ 1856ರಲ್ಲಿ ಆಸ್ಟ್ರೇಲಿಯಾದ ವಸಾಹತುಗಳಲ್ಲಿ ಶುರುವಾಗಿದ್ದೇ ಮಾಲೀಕರ, ಜಮೀನ್ದಾರರ ಕಣ್ಣು ತಪ್ಪಿಸೋಕೆ. ಒಳಗೆ ಫೋಟೊ ಮಾತ್ರ ತೆಗೀಬೇಡಿ. ನಿಮ್ಮ ಗುಟ್ಟನ್ನು ನೀವೇ ಕೈಗೆ ಕೊಟ್ಟ ಹಾಗೆ.

ಅವರಿಗೆ ಗೊತ್ತಾಗುವುದು ಬೇರೆಯೇ ಇದೆ. ಹೊರಗಿನವರಿಗೆ ಇದು ಗೊತ್ತಿರಲ್ಲ. ಮತಗಟ್ಟೆಯಲ್ಲಿ ನನ್ನ ಎದುರೇ ಪಕ್ಷಗಳ ಏಜೆಂಟರು ಪಟ್ಟಿ ಹಿಡಿದು ಕೂತಿರುತ್ತಾರೆ. ಒಬ್ಬೊಬ್ಬರು ಬಂದ ಹಾಗೆ ಹೆಸರಿನ ಮುಂದೆ ಗೆರೆ ಎಳೀತಾರೆ. ಯಾರಿಗೆ ಹಾಕಿದರು ಅಂತಲ್ಲ, ಬಂದರೋ ಇಲ್ಲವೋ ಅಂತ. ಸಂಜೆ ಆ ಪಟ್ಟಿ ನೋಡಿದರೆ ಯಾವ ಬೀದಿ ಬಂತು, ಯಾವ ಬೀದಿ ಬರಲಿಲ್ಲ ಅಂತ ಕಣ್ಣಿಗೆ ಹೊಡೆಯುತ್ತೆ. ಆ ಹುಡುಗನ ಬೀದಿಯ ಪುಟದಲ್ಲಿ ಗೆರೆಗಳು ಬಹಳ ಕಡಿಮೆ ಇದ್ದವು. ಮಕ್ಕಳಿಗೆ ಓಟಿಲ್ಲ. ಅವರ ಅಪ್ಪ ಅಮ್ಮನ ಹೆಸರಿನ ಮುಂದೆಯೂ ಗೆರೆ ಇಲ್ಲ. ಅಂಥ ಬೀದಿಯ ಊಟದ ಹಣ ಕಡಿತವಾದರೆ ಯಾವ ಪಕ್ಷಕ್ಕೆ ಹೆದರಿಕೆ?

ಒಂದು ಓಟಿನಿಂದ ಸೋತ ಕಥೆಗಳೂ ಇವೆ. 2004ರ ವಿಧಾನಸಭಾ ಚುನಾವಣೆಯಲ್ಲಿ ಸಂತೇಮರಹಳ್ಳಿಯಲ್ಲಿ ಗೆದ್ದವರಿಗೆ 40,752, ಸೋತವರಿಗೆ 40,751. ಆದರೆ ಅಂಥದ್ದು ಅಪರೂಪ. ನನಗೆ ಈ ಗೆರೆಗಳೇ ಹೆಚ್ಚು ಮುಖ್ಯ ಅನ್ನಿಸುತ್ತೆ.

ಆ ದಿನ

ಬೆಳಿಗ್ಗೆ ಮೊದಲ ಗಂಟೆಯಲ್ಲೇ ಹೋಗಿ. ಪಕ್ಕದ ಮನೆಯವರ ಜೊತೆ ಮಕ್ಕಳನ್ನು ನೋಡಿಕೊಳ್ಳುವ ಸರದಿ ಹಿಂದಿನ ದಿನವೇ ಮಾತಾಡಿಕೊಳ್ಳಿ. ಮಾಲೀಕರು ರಜೆ ಕೊಡಲ್ಲ ಅಂದರೆ ಕಾನೂನು ಏನು ಹೇಳುತ್ತೆ ಕೇಳಿ. ಭಾರತದಲ್ಲಿ ದಿನಗೂಲಿಯವರಿಗೂ ಅವತ್ತಿನ ಕೂಲಿ ಹಿಡಿಯುವ ಹಾಗಿಲ್ಲ. ಮನೆಯವರು ಸೇನೆಯಲ್ಲಿದ್ದರೆ ಅಂಚೆ ಮತದ ದಾರಿ ವಿಚಾರಿಸಿ. 1945ರಲ್ಲೇ ಬ್ರಿಟನ್‌ನಲ್ಲಿ ಬಹುತೇಕ ಕಡೆ ಜುಲೈ 5ಕ್ಕೆ ಮತದಾನ ಮುಗಿದರೂ ಎಣಿಕೆ 26ರ ತನಕ ನಿಂತಿತ್ತು, ದೂರದಲ್ಲಿದ್ದ ಸೈನಿಕರ ಓಟುಗಳು ಬರಲಿ ಅಂತ. ಜಪಾನ್ ಜೊತೆ ಯುದ್ಧ ಆಗಿನ್ನೂ ನಡೆಯುತ್ತಲೇ ಇತ್ತು.

ಹಾಕಿ ಬಂದ ಮೇಲೆ ಗೆದ್ದವರ ಕರಪತ್ರ ಎಸೆಯಬೇಡಿ. ನನ್ನದು ಬೀರುವಿನ ಬಾಗಿಲ ಒಳಗಡೆ ಅಂಟಿಸಿದೆ. ಮಕ್ಕಳ ಊಟದ ಸಾಲಿನ ಕೆಳಗೆ ಕೆಂಪು ಗೆರೆ, ಪಕ್ಕದಲ್ಲಿ ನಾನು ಪತ್ರ ಬರೆದ ಎರಡು ತಾರೀಖು. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ ಆ ಹುಡುಗನ ಅಮ್ಮನೂ ಸಹಿ ಹಾಕಿದ್ದಾರೆ.