ಗಾಡಿ ಇಲ್ಲದೆ ಐದು ಸಂತೆ: ಬಸ್ಸಿನಲ್ಲೇ ನನ್ನ ರಿಪೇರಿ ಸುತ್ತು

ಕಳೆ ಹೊಡೆಯುವ ಮಿಷನ್ ರಿಪೇರಿಗೆ ಊರೂರು ಬಸ್ಸಿನಲ್ಲೇ ಹೋಗ್ತೇನೆ ಅಂದಾಗ ಭಾವನವರೇ ಬೇಡ ಅಂದಿದ್ದರು. "ಚೀಲ ಹೊತ್ಕೊಂಡು ಬಸ್ಸಿಳಿಯೋ ಮೆಕ್ಯಾನಿಕ್‌ನ ಯಾವ ತೋಟದವರು ನಂಬ್ತಾರೆ?" ಅಂತ ಕೇಳಿದರು. ಶುರು ಮಾಡಿದ್ದು 2023ರ ಜೂನ್‌ನಲ್ಲಿ, ಶಕ್ತಿ ಯೋಜನೆ ಬಂದ ತಿಂಗಳೇ. ಕಳೆದ ಸೆಪ್ಟೆಂಬರ್ ಒಂದರಲ್ಲೇ 90ರ ಹತ್ತಿರ ಮಿಷನ್ ನನ್ನ ಕೈ ದಾಟಿವೆ. ಕೊಡಗಿನ ಕುಶಾಲನಗರದಲ್ಲಿ ಅಂಗಡಿ ಹಾಕಿ ಕೂತಿದ್ದಾಗ ಇದರ ಅರ್ಧವೂ ಬಂದಿರಲಿಲ್ಲ.

ಮೊದಲ ನಾಲ್ಕು ತಿಂಗಳು ಪೂರ್ತಿ ನಷ್ಟ. ಮಿಷನ್‌ಗಳನ್ನೇ ಬಸ್ಸಿಗೆ ಹಾಕಿ ಮನೆಗೆ ತರುತ್ತಿದ್ದೆ, ಅದೇ ತಪ್ಪು. ಒಂದು ಶುಕ್ರವಾರ ಮಡಿಕೇರಿಯಿಂದ ಎರಡು ಮಿಷನ್ ಹಾಕಿಕೊಂಡು ಹೊರಟೆ. ಟ್ಯಾಂಕ್ ಖಾಲಿ ಮಾಡಿದ್ದೆ, ಕಾರ್ಬೊರೇಟರ್‌ನಲ್ಲಿ ಉಳಿದದ್ದನ್ನು ಮರೆತಿದ್ದೆ. ಬೋಯಿಕೇರಿ ತಿರುವುಗಳಲ್ಲಿ ಮಿಷನ್ ಮಗುಚಿ ಪೆಟ್ರೋಲ್ ತೊಟ್ಟಿಕ್ಕಿತು. ಮುಂದಿನ ಸೀಟಿನ ಮಗು ವಾಂತಿ ಮಾಡಿತು. ಸುಂಟಿಕೊಪ್ಪದಲ್ಲಿ ಕಂಡಕ್ಟರ್, "ಅಣ್ಣಾ, ಇಳೀರಿ. ಇಷ್ಟು ಜನ ಇದ್ದಾರೆ, ನಾನು ರಿಸ್ಕ್ ತಗೊಳ್ಳಲ್ಲ" ಅಂದರು. ಅವರು ಹೇಳಿದ್ದು ಸರಿ, ಪೆಟ್ರೋಲ್ ಇರೋ ವಸ್ತು ಬಸ್ಸಿಗೆ ಬರಲೇಬಾರದು. ಮಳೆಯಲ್ಲಿ ನಿಂತು ಆಟೋ ಹಿಡಿದೆ, 400 ರೂಪಾಯಿ. ಆ ದಿನದ ನನ್ನ ದುಡಿಮೆ 600.

ಅವತ್ತು ರಾತ್ರಿಯೇ ತೀರ್ಮಾನ ಮಾಡಿದೆ. ಮಿಷನ್ ಓಡಾಡಬಾರದು, ನಾನು ಓಡಾಡಬೇಕು. ಸಂತೆ ದಿನ ತೋಟದ ಜೀಪು ಹೇಗೂ ಪೇಟೆಗೆ ಬರುತ್ತೆ, ಕೆಲಸದವರು ವಾರದ ಸಾಮಾನು ತಗೊಳ್ಳಬೇಕಲ್ವಾ? ಅದೇ ಜೀಪಿನಲ್ಲಿ ಕೆಟ್ಟ ಮಿಷನ್ ಹಾಕಿ ಕಳಿಸಿ ಅಂತ ತೋಟದ ಲೆಕ್ಕ ನೋಡುವ ರೈಟರ್‌ಗಳಿಗೆ ಹೇಳಿದೆ. ಜೀಪು ವಾಪಸ್ ಹೊರಡುವಷ್ಟರಲ್ಲಿ ರೆಡಿ. ಸೋಮವಾರ ಸೋಮವಾರಪೇಟೆ, ಬುಧವಾರ ವಿರಾಜಪೇಟೆ, ಶುಕ್ರವಾರ ಮಡಿಕೇರಿ, ಶನಿವಾರ ಶನಿವಾರಸಂತೆ, ಭಾನುವಾರ ಗೋಣಿಕೊಪ್ಪ. ಪ್ರತಿ ಊರಿನಲ್ಲೂ ಬಸ್ ಸ್ಟ್ಯಾಂಡಿಗೆ ಹತ್ತಿರದ ಒಂದು ಜಗಲಿ, ದಿನಕ್ಕೆ ನೂರು ರೂಪಾಯಿ ಬಾಡಿಗೆ. ಜಗಲಿ ಸಿಗಲು ಯಾರನ್ನು ಹಿಡಿದೆ ಅನ್ನೋದು ಇಲ್ಲಿ ಬೇಡ.

ಗಾಡಿ ತಗೊಳ್ಳೋಣ ಅಂದರೆ ಹಳೇ ಓಮ್ನಿ ವ್ಯಾನಿಗೆ ಒಂದೂವರೆ ಲಕ್ಷ ಹೇಳಿದ್ದರು. ಸಾಲದ ಕಂತು, ಪೆಟ್ರೋಲ್ ಎಲ್ಲ ಸೇರಿ ತಿಂಗಳಿಗೆ 11-12 ಸಾವಿರ ಆಗುತ್ತಿತ್ತು. ಈಗ ಬಸ್ಸಿಗೆ ಎರಡೂವರೆ ಸಾವಿರ, ಜಗಲಿಗೆ ಎರಡು ಚಿಲ್ಲರೆ. ಸೀಸನ್ನಿನಲ್ಲಿ ಎಲ್ಲಾ ಕಳೆದು 28 ಸಾವಿರದವರೆಗೂ ಕೈಗೆ ಉಳಿದಿದೆ. ಜೂನ್, ಜುಲೈ ಮಾತ್ರ ಕಷ್ಟ.

ಚೀಲದ ತೂಕ 18 ಕೆಜಿ ದಾಟಿಸುವುದಿಲ್ಲ. ಸರ್ಕಾರಿ ಬಸ್ಸಿನಲ್ಲಿ 30 ಕೆಜಿವರೆಗೆ ಲಗೇಜ್ ಟಿಕೆಟ್ ಇಲ್ಲ ನಿಜ, ಆದರೆ ಸಂತೆ ದಿನದ ರಶ್ಶಿನಲ್ಲಿ ಅಷ್ಟು ಹೊತ್ತು ಹತ್ತಿ ನೋಡಿ! ಸಣ್ಣ ಸಾಮಾನಿಗೆ ಊಟದ ಕ್ಯಾರಿಯರ್ ಇಟ್ಟುಕೊಂಡಿದ್ದೇನೆ, ಮೂರು ಡಬ್ಬಿಯದು. ಕೆಳಗಿನದರಲ್ಲಿ ಸ್ಕ್ರೂ, ಸರ್ಕ್ಲಿಪ್. ನಡುವಿನದರಲ್ಲಿ ಕಾರ್ಬೊರೇಟರ್‌ನ ತೆಳು ಪೊರೆ, ಅಂದರೆ ಡಯಾಫ್ರಾಮ್, ಒಂದೊಂದರ ನಡುವೆ ಪೇಪರ್ ತುಂಡು. ಮೇಲಿನದರಲ್ಲಿ ಸ್ಪಾರ್ಕ್ ಪ್ಲಗ್. ಕೊಂಡಿ ಹಾಕಿಬಿಟ್ಟರೆ ಎಂಥ ತಿರುವಿನಲ್ಲೂ ಚೆಲ್ಲುವುದಿಲ್ಲ. ಪ್ಲಾಸ್ಟಿಕ್ ಡಬ್ಬಿ ಎರಡು ಸಲ ಒಡೆದು ಸ್ಕ್ರೂ ಎಲ್ಲಾ ಬಸ್ಸಿನ ತುಂಬಾ ಉರುಳಿದ ಮೇಲೆ ಕಲಿತದ್ದು ಇದು.

ಮಧ್ಯೆ ಇನ್ನೊಂದು ಪ್ರಯೋಗ ಮಾಡಿದೆ. ವಿರಾಜಪೇಟೆಯಿಂದ ಮಡಿಕೇರಿ ಸುತ್ತದೆ ಅಮ್ಮತ್ತಿ, ಸಿದ್ದಾಪುರ, ನಂಜರಾಯಪಟ್ಟಣದ ಮೇಲೆ ಮನೆಗೆ ಬರೋದು. ದಾರಿ ಹತ್ತಿರ, ಬಸ್ಸು ಕಮ್ಮಿ. ಒಂದು ಸಂಜೆ ರಸ್ತೆ ಪಕ್ಕದ ತೋಟದಲ್ಲಿ ಆನೆ ಹಿಂಡು ನಿಂತು ಮುಕ್ಕಾಲು ಗಂಟೆ ಬಸ್ಸು ಅಲ್ಲಾಡಲಿಲ್ಲ. ಆದರೆ ಆ ಮುಕ್ಕಾಲು ಗಂಟೆಯಲ್ಲಿ ಪಕ್ಕದ ಸೀಟಿನವರ ಹತ್ತಿರ ಮಾತಾಡಿ ಸಿದ್ದಾಪುರ ಕಡೆಯ ಎರಡು ತೋಟದ ಕೆಲಸ ಸಿಕ್ಕಿತು! ಆದ್ದರಿಂದ ತಿಂಗಳಿಗೊಮ್ಮೆ ಆ ದಾರಿ ಇಟ್ಟುಕೊಂಡಿದ್ದೇನೆ.

ಕೊನೆ ಬಸ್ಸನ್ನು ನಂಬಬೇಡಿ. ಶನಿವಾರಸಂತೆಯಲ್ಲಿ ಬ್ಲೇಡ್ ತಿರುಗಿಸುವ ಒಂದು ಗೇರ್ ಹೆಡ್ ಬಿಡಿಸಲು ಹೋಗಿ ಬಸ್ಸು ತಪ್ಪಿತು. ಜಗಲಿಯಲ್ಲೇ ಟಾರ್ಪಾಲ್ ಹೊದ್ದು ಮಲಗಿದೆ. ಆ ಚಳಿ ಇನ್ನೂ ನೆನಪಿದೆ. ಅಂದಿನಿಂದ ಕೊನೆ ಬಸ್ಸಿನ ಹಿಂದಿನ ಬಸ್ಸೇ ನನ್ನ ಬಸ್ಸು. ನಾಲ್ಕು ಗಂಟೆ ಮೇಲೆ ಬಂದ ಮಿಷನ್ ಬಿಚ್ಚುವುದಿಲ್ಲ. ಸ್ಟಾರ್ಟರ್ ಹಗ್ಗ ಎರಡು ಸಲ ಎಳೆದು ದೋಷ ಹೇಳುತ್ತೇನೆ, ಮುಂದಿನ ವಾರ ಬನ್ನಿ ಅನ್ನುತ್ತೇನೆ. ಆ ಎರಡು ಎಳೆತದಲ್ಲಿ ಏನು ನೋಡ್ತೇನೆ ಅಂತ ಕೇಳಬೇಡಿ, ಅದು ನನ್ನ ಅನ್ನ.

ಈ ಸಲ ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಸ್ಪ್ರಿಂಕ್ಲರ್ ಪಂಪನ್ನೂ ನೋಡಿಕೊಡಿ ಅಂತ ವಿರಾಜಪೇಟೆ ಕಡೆಯವರು ಕೇಳಿದ್ದಾರೆ. ಅದರ ಸಾಮಾನು ಚೀಲದಲ್ಲಿ ಹಿಡಿಯುವುದಿಲ್ಲ. ಅಲ್ಲಿನ ಜಗಲಿಯಲ್ಲೇ ಒಂದು ಮರದ ಪೆಟ್ಟಿಗೆ ಇಟ್ಟು ಬೀಗ ಹಾಕಿ ಬಂದಿದ್ದೇನೆ. ಬೀಗದ ಕೈ ಕ್ಯಾರಿಯರ್‌ನ ಮೇಲಿನ ಡಬ್ಬಿಯಲ್ಲಿದೆ.