ಎಫ್‌ಎಫ್‌ಎಂಪೆಗ್ ಬಳಸಿ ನಾನೇ ಒಂದು ಪ್ಲೇಯರ್ ಬರೆದೆ

ನನಗೆ ಬೇಕಿದ್ದದ್ದು ಸಂಗೀತ ಕಲಿಯುವವರಿಗೆ ಒಂದು ಪ್ಲೇಯರ್. ವಿಡಿಯೊದಲ್ಲಿ ಎರಡು ಕಡೆ ಗುರುತು ಹಾಕಿದರೆ ನಡುವಿನ ಭಾಗ ಮತ್ತೆ ಮತ್ತೆ ಕೇಳಿಸಬೇಕು, ತಾಳ ತಪ್ಪಬಾರದು. ಬರೀ ಪ್ಲೇ ಆದರೆ ಸಾಕು ಅನ್ನುವವರಿಗೆ ವಿಎಲ್‌ಸಿ ಪ್ಲೇಯರ್‌ನ ಲೈಬ್ರರಿಯಾದ ಲಿಬ್‌ವಿಎಲ್‌ಸಿ ಇದೆ. ಫೈಲ್ ಕೊಟ್ಟರೆ ಉಳಿದದ್ದನ್ನು ಅದೇ ನೋಡಿಕೊಳ್ಳುತ್ತದೆ. ನನಗೆ ಪ್ರತಿ ಫ್ರೇಮ್ ಮೇಲೂ, ಅಂದರೆ ವಿಡಿಯೊದ ಒಂದೊಂದು ಚಿತ್ರದ ಮೇಲೂ, ಹಿಡಿತ ಬೇಕಿತ್ತು. ಹಾಗಾಗಿ ಫ್ಯಾಬ್ರಿಸ್ ಬೆಲಾರ್ಡ್ 2000ದಲ್ಲಿ ಶುರುಮಾಡಿದ, ಆಡಿಯೊ-ವಿಡಿಯೊ ಫೈಲ್‌ಗಳನ್ನು ಓದುವ ಲೈಬ್ರರಿಗಳ ಗುಂಪಾದ ಎಫ್‌ಎಫ್‌ಎಂಪೆಗ್ ಜೊತೆಗೆ, ಪರದೆಗೆ ಚಿತ್ರ, ಸ್ಪೀಕರ್‌ಗೆ ಶಬ್ದ ಕಳಿಸುವ ಎಸ್‌ಡಿಎಲ್ ಲೈಬ್ರರಿ ಇಟ್ಟುಕೊಂಡು ಸಿ ಭಾಷೆಯಲ್ಲಿ ಬರೆದೆ.

ಡಿಕೋಡ್ ಮಾಡುವುದು, ಅಂದರೆ ಫೈಲ್‌ನಲ್ಲಿ ಕುಗ್ಗಿಸಿಟ್ಟದ್ದನ್ನು ಬಿಡಿಸುವುದು, ಕಷ್ಟವೇ ಅಲ್ಲ. ಎಫ್‌ಎಫ್‌ಎಂಪೆಗ್‌ನ ಲಿಬ್‌ಎವಿಫಾರ್ಮ್ಯಾಟ್ ಫೈಲ್ ತೆರೆದು ಪ್ಯಾಕೆಟ್ (ಕುಗ್ಗಿಸಿದ ಡೇಟಾದ ತುಂಡು) ಕೊಡುತ್ತದೆ, ಲಿಬ್‌ಎವಿಕೊಡೆಕ್ ಅದನ್ನು ಫ್ರೇಮ್ ಮಾಡುತ್ತದೆ. ಎಎಸಿ ಎಂಬ ಶಬ್ದದ ಫಾರ್ಮ್ಯಾಟ್ ಡಿಕೋಡ್ ಆದಾಗ ಎಡ, ಬಲ ಚಾನೆಲ್‌ಗಳು ಬೇರೆ ಬೇರೆಯಾಗಿ ಬರುತ್ತವೆ. ಎಸ್‌ಡಿಎಲ್‌ಗೆ ಅವು ಒಂದರ ಪಕ್ಕ ಒಂದು ಹೆಣೆದಿರಬೇಕು. ಆ ಕೆಲಸಕ್ಕೆ ಲಿಬ್‌ಎಸ್‌ಡಬ್ಲ್ಯುರಿಸ್ಯಾಂಪಲ್ ಇದೆ.

ನಿಜವಾದ ಕೆಲಸ ಇರುವುದು ಗಡಿಯಾರದಲ್ಲಿ. ಸೌಂಡ್ ಕಾರ್ಡ್ ತನ್ನದೇ ವೇಗದಲ್ಲಿ ಓಡುತ್ತದೆ, ಕಂಪ್ಯೂಟರ್ ಗಡಿಯಾರಕ್ಕೂ ಅದಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಒಂದು ಚಿತ್ರ ಬಿಟ್ಟುಹೋದರೆ ಕಣ್ಣಿಗೆ ಗೊತ್ತಾಗುವುದಿಲ್ಲ. ಶಬ್ದ ಒಂದು ಕ್ಷಣ ಕಡಿದರೆ ಕಿವಿಗೆ ತಕ್ಷಣ ಗೊತ್ತಾಗುತ್ತದೆ, ಅಲ್ವಾ? ಅದಕ್ಕೇ ನಾನು ಶಬ್ದವನ್ನೇ ಯಜಮಾನ ಮಾಡಿದೆ. ಫ್ರೇಮ್ ಬೇಗ ಬಂದರೆ ಕಾಯಿಸುತ್ತೇನೆ, ತಡವಾಗಿ ಬಂದರೆ ಬಿಟ್ಟುಬಿಡುತ್ತೇನೆ.

ಆದರೆ ನಾವು ಕಳಿಸಿದ ಶಬ್ದ ಇನ್ನೂ ಸ್ಪೀಕರ್ ತಲುಪಿರುವುದಿಲ್ಲ, ಕ್ಯೂನಲ್ಲಿ ಕಾಯುತ್ತಿರುತ್ತದೆ. 44,100 ಹರ್ಟ್ಸ್, 16 ಬಿಟ್, ಸ್ಟೀರಿಯೊ ಅಂದರೆ ಸೆಕೆಂಡಿಗೆ 1,76,400 ಬೈಟ್. ಕ್ಯೂನಲ್ಲಿ ಉಳಿದ ಬೈಟ್‌ಗಳನ್ನು ಇದರಿಂದ ಭಾಗಿಸಿ, ಕಳಿಸಿದ ಸಮಯದಿಂದ ಕಳೆದರೆ ಈಗ ಕೇಳಿಸುತ್ತಿರುವ ಜಾಗ ಸಿಗುತ್ತದೆ. ತುಟಿಗೂ ಮಾತಿಗೂ ಹೊಂದುವುದು ಈ ಲೆಕ್ಕದಿಂದಲೇ.

ಗುರುತಿಗೆ ವಾಪಸ್ ಹೋಗುವಾಗ ಇನ್ನೊಂದು ವಿಷಯ. ಹಿಂದಕ್ಕೆ ಸೀಕ್ ಮಾಡಿದರೆ (ಬೇರೆ ಜಾಗಕ್ಕೆ ಜಿಗಿದರೆ) ಅದು ಸಾಮಾನ್ಯವಾಗಿ ನಾವು ಹೇಳಿದ ಫ್ರೇಮ್‌ನಲ್ಲಿ ನಿಲ್ಲುವುದಿಲ್ಲ, ಅದಕ್ಕೂ ಮೊದಲಿನ ಕೀಫ್ರೇಮ್‌ನಲ್ಲಿ, ಅಂದರೆ ಬೇರೆ ಫ್ರೇಮ್‌ಗಳ ನೆರವಿಲ್ಲದೆ ಬಿಡಿಸಬಹುದಾದ ಪೂರ್ಣ ಚಿತ್ರದಲ್ಲಿ, ನಿಲ್ಲುತ್ತದೆ. ಅಲ್ಲಿಂದ ಡಿಕೋಡ್ ಮಾಡುತ್ತಾ, ಗುರುತಿನ ಸಮಯ ಬರುವವರೆಗೂ ಫ್ರೇಮ್‌ಗಳನ್ನು ತೋರಿಸದೆ ಬಿಡಬೇಕು. ಅದಕ್ಕೂ ಮುಂಚೆ ಡಿಕೋಡರ್ ಬಫರ್, ಆಡಿಯೊ ಕ್ಯೂ ಎರಡನ್ನೂ ಖಾಲಿ ಮಾಡಬೇಕು. ಇಲ್ಲದಿದ್ದರೆ ಹಳೆಯ ಸ್ವರದ ಬಾಲ ಹೊಸ ಸುತ್ತಿಗೆ ಅಂಟಿಕೊಳ್ಳುತ್ತದೆ.

ಲೈಸೆನ್ಸ್ ಕೂಡ ನೋಡಿಕೊಂಡೆ. ಎಫ್‌ಎಫ್‌ಎಂಪೆಗ್ ಮೂಲತಃ ಎಲ್‌ಜಿಪಿಎಲ್, ಅಂದರೆ ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಲೈಸೆನ್ಸ್‌ನ ಸಡಿಲ ರೂಪ. ಜಿಪಿಎಲ್ ಭಾಗಗಳನ್ನು ಸೇರಿಸಿ ಬಿಲ್ಡ್ ಮಾಡಿದರೆ ಪೂರ್ತಿ ಜಿಪಿಎಲ್ ಆಗುತ್ತದೆ. ಎಕ್ಸ್264 ಅಂಥದ್ದೇ ಒಂದು, ಅದು ವಿಡಿಯೊವನ್ನು ಎನ್‌ಕೋಡ್ ಮಾಡುವವರಿಗೆ, ಅಂದರೆ ಕುಗ್ಗಿಸಿಡುವವರಿಗೆ. ಬರೀ ನುಡಿಸಲು ಅದು ಬೇಕಿಲ್ಲ, ಹಾಗಾಗಿ ಸೇರಿಸಲಿಲ್ಲ.

ನೀವೂ ಬರೆಯುವುದಾದರೆ ಎಫ್‌ಎಫ್‌ಎಂಪೆಗ್ ಸೋರ್ಸ್ ಜೊತೆಗೇ ಬರುವ ಎಫ್‌ಎಫ್‌ಪ್ಲೇ ಎಂಬ ಪುಟ್ಟ ಪ್ಲೇಯರ್‌ನ ಕೋಡ್ ಓದಿ. ಅದೂ ಎಸ್‌ಡಿಎಲ್ ಮೇಲೇ ನಿಂತಿದೆ, ಅಲ್ಲೂ ಶಬ್ದವೇ ಯಜಮಾನ.