ದಾದಿಯಿಂದ ಶುರುವಾದ ನಾಟಕ

ನಾನು ಅಡಿಲೇಡ್‌ನ ಒಂದು ವೃದ್ಧಾಶ್ರಮದಲ್ಲಿ ಆರೈಕೆಯ ಕೆಲಸ ಮಾಡುತ್ತೇನೆ. ನಾಟಕ ನನ್ನ ಹೊಟ್ಟೆಪಾಡಲ್ಲ, ಧಾರವಾಡದ ಕಾಲೇಜು ದಿನಗಳಿಂದ ಹತ್ತಿದ ಗೀಳು. ಈ ದೇಶಕ್ಕೆ ಬಂದ ಮೇಲೂ ವರ್ಷಕ್ಕೊಮ್ಮೆಯಾದರೂ ಬಣ್ಣ ಹಚ್ಚದಿದ್ದರೆ ಏನೋ ಕಳೆದುಕೊಂಡ ಹಾಗೆ. ಎರಡು ವರ್ಷದ ಹಿಂದೆ ನಮ್ಮ ಊರಿನ ಕನ್ನಡದವರು ಸೇರುವ ನಾಟಕದ ಸಂಜೆಗೆ ಏಕವ್ಯಕ್ತಿ ಪ್ರಯೋಗ ಒಂದನ್ನು ಮಾಡುತ್ತೇನೆಂದು ಒಪ್ಪಿಕೊಂಡೆ. ವಸ್ತು ಹುಡುಕುವಾಗ ಗೊತ್ತಾಯಿತು, ಹಿಚ್‌ಕಾಕ್‌ರ ‘ರೆಬೆಕಾ’ ಸಿನಿಮಾದಲ್ಲಿ ದೊಡ್ಡ ಮನೆಯೊಂದರ ಮೇಲ್ವಿಚಾರಕಿ ಮಿಸೆಸ್ ಡ್ಯಾನ್ವರ್ಸ್ ಆಗಿ ನನ್ನನ್ನು ಹದಿನೆಂಟನೇ ವಯಸ್ಸಿನಲ್ಲಿ ನಡುಗಿಸಿದ್ದ ಆ ನಟಿ ಇದೇ ಊರಿನವರು ಎಂದು. ಜೂಡಿತ್ ಆಂಡರ್ಸನ್. ಹುಟ್ಟಿದ್ದು 1897ರ ಫೆಬ್ರವರಿ 10ರಂದು, ಅಡಿಲೇಡ್‌ನಲ್ಲಿ. ಓದಿದ್ದು ನಾನು ದಿನಾ ಬಸ್ಸಿನಲ್ಲಿ ಹಾದುಹೋಗುವ ನಾರ್ವುಡ್‌ನಲ್ಲಿ.

ಕೆಲಸದ ಜಾಗದಲ್ಲಿ ಕೇಳಿದರೆ ಕೇಟ್ ಬ್ಲಾಂಚೆಟ್ ಎಲ್ಲರಿಗೂ ಗೊತ್ತು, ನಿಕೋಲ್ ಕಿಡ್ಮನ್ ಗೊತ್ತು. ಜೂಡಿತ್ ಹೆಸರು ಕೇಳಿ ತಲೆ ಎತ್ತಿದವರು ಇಬ್ಬರೇ, ಇಬ್ಬರೂ ತೊಂಬತ್ತು ದಾಟಿದವರು. ಅದು ನನಗೆ ನೋವಾಯಿತು. ಅಮೆರಿಕದ ರಂಗಭೂಮಿಯನ್ನು ಆಳಿದ ಹೆಣ್ಣನ್ನು ಹುಟ್ಟಿದ ಊರೇ ಮರೆತರೆ ಹೇಗೆ ಅಂತ ಅನ್ನಿಸಿ, ಕನ್ನಡದಲ್ಲಿ ನಾನಾದರೂ ಹೇಳುತ್ತೇನೆ ಎಂದು ಕೂತೆ.

ಮೊದಲ ತಿಂಗಳು ಓದುವುದರಲ್ಲೇ ಹೋಯಿತು. ರಜಾ ದಿನಗಳಲ್ಲಿ ನಾರ್ತ್ ಟೆರೇಸ್‌ನ ರಾಜ್ಯ ಗ್ರಂಥಾಲಯ, ರಾತ್ರಿ ಮನೆಯಲ್ಲಿ ಟ್ರೋವ್. ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯ ಎಷ್ಟೋ ಹಳೆಯ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಅಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಹೀಗೆ ಹುಡುಕಬೇಕೆನ್ನುವವರಿಗೆ ಒಂದು ಮಾತು: ನಟಿಯರ ಹೆಸರು ಬದಲಾಗುತ್ತಿರುತ್ತದೆ, ಎಲ್ಲ ಹೆಸರನ್ನೂ ಕೊಟ್ಟು ಹುಡುಕಿ. ಜೂಡಿತ್ ಎಂದು ಹುಡುಕಿದರೆ ಶುರುವಿನ ವರ್ಷಗಳಲ್ಲಿ ಏನೂ ಸಿಗುವುದಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರು ಫ್ರಾನ್ಸಿಸ್ ಮಾರ್ಗರೆಟ್. 1915ರಲ್ಲಿ, ಹದಿನೆಂಟರ ಹುಡುಗಿಯಾಗಿ, ಸಿಡ್ನಿಯ ಥಿಯೇಟರ್ ರಾಯಲ್‌ನಲ್ಲಿ ಜೂಲಿಯಸ್ ನೈಟ್ ಎಂಬ ಹೆಸರಾಂತ ನಟನ ಜೊತೆ ‘ಎ ರಾಯಲ್ ಡಿವೋರ್ಸ್’ ನಾಟಕದಲ್ಲಿ ಮೊದಲು ಬಣ್ಣ ಹಚ್ಚಿದಾಗ ಹೆಸರು ಫ್ರಾನ್ಸೀ ಆಂಡರ್ಸನ್. ಜೂಡಿತ್ ಆಗಿದ್ದು ನ್ಯೂಯಾರ್ಕಿನಲ್ಲಿ, 1923ರಲ್ಲಿ.

ಆ ಹುಡುಗಿಯ ಹಿಂದೆ ಒಬ್ಬ ತಾಯಿ ಇದ್ದರು. ಮದುವೆಗೆ ಮುಂಚೆ ನರ್ಸ್ ಆಗಿದ್ದವರು. ಗಂಡನ ಆಸರೆ ತಪ್ಪಿದ ಮೇಲೆ ದಿನಸಿ ಅಂಗಡಿ ಇಟ್ಟು ನಾಲ್ಕು ಮಕ್ಕಳನ್ನು ಸಾಕಿದರು. ಜೂಡಿತ್ ಕಿರಿಯವರು. ಅಷ್ಟು ಕಷ್ಟದಲ್ಲೂ ಆ ಮಗು ಲಾರೆನ್ಸ್ ಕ್ಯಾಂಬೆಲ್ ಎಂಬ ಗುರುವಿನ ಹತ್ತಿರ ಎಲೊಕ್ಯೂಷನ್ ಕಲಿಯಿತು. ಇದನ್ನು ಭಾಷಣ ಕಲೆ ಎಂದರೆ ತಪ್ಪಾಗುತ್ತದೆ. ಪದ್ಯವನ್ನು ಗಟ್ಟಿಯಾಗಿ, ಉಸಿರು ಅಳೆದು, ಅರ್ಥ ಒಡೆದು ಹೇಳುವ ವಿದ್ಯೆ ಅದು. ನಮ್ಮಲ್ಲಿ ಅದಕ್ಕೆ ತೀರಾ ಹತ್ತಿರದ್ದು ಗಮಕ. ನಾನು ಚಿಕ್ಕವಳಿದ್ದಾಗ ನಾಲ್ಕು ವರ್ಷ ಕುಮಾರವ್ಯಾಸನ ಷಟ್ಪದಿಗಳನ್ನು ಹಾಗೇ ಕಲಿತವಳು. ಈ ಸಂಗತಿ ಓದಿದ ದಿನ ದೂರದ ಆ ದೊಡ್ಡ ನಟಿ ನನ್ನ ಪಕ್ಕದ ಮಣೆಯ ಮೇಲೆ ಬಂದು ಕೂತ ಹಾಗಾಯಿತು.

1918ರಲ್ಲಿ ತಾಯಿ ಮಗಳು ಅಮೆರಿಕದ ದಾರಿ ಹಿಡಿದರು. ಕ್ಯಾಲಿಫೋರ್ನಿಯಾದಲ್ಲಿ ಯಾರೂ ಕೇಳಲಿಲ್ಲ, ನ್ಯೂಯಾರ್ಕಿನಲ್ಲೂ ಮೊದಮೊದಲು ಬಾಗಿಲು ತೆರೆಯಲಿಲ್ಲ. ಸಣ್ಣ ಕಂಪನಿಗಳು, ಊರೂರು ತಿರುಗಾಟ. ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ಜಾಗವಾದ ಬ್ರಾಡ್‌ವೇಯಲ್ಲಿ ನಿಜವಾಗಿ ಹೆಸರು ಮಾಡಿದ್ದು 1924ರ ‘ಕೋಬ್ರಾ’ ನಾಟಕದಲ್ಲಿ. ಅಂದರೆ ಹಡಗು ಹತ್ತಿ ಆರು ವರ್ಷ. ವಲಸೆ ಬಂದು ಮೊದಲ ಆರು ವರ್ಷ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರಯೋಗದಲ್ಲಿ ಈ ಭಾಗಕ್ಕೆ ನಾನು ಮಾತೇ ಬರೆಯಲಿಲ್ಲ. ಒಂದು ಟ್ರಂಕನ್ನು ರಂಗದ ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುತ್ತೇನೆ, ಅಷ್ಟೇ. ಸಭೆಯಲ್ಲಿ ಕೂತವರೆಲ್ಲ ಸೂಟ್‌ಕೇಸ್ ಎಳೆದು ಬಂದವರೇ.

ಡ್ಯಾನ್ವರ್ಸ್ ಭಾಗ ಸುಲಭ ಅಂದುಕೊಂಡಿದ್ದೆ. ಕಪ್ಪು ಸೀರೆ, ಬಿಗಿದು ಕಟ್ಟಿದ ಜಡೆ, ಒಂದು ಕ್ರೂರ ನೋಟ. ಕನ್ನಡಿ ಮುಂದೆ ಮಾಡಿ ನೋಡಿದರೆ ಧಾರಾವಾಹಿಯ ಅತ್ತೆ ಕಂಡಳು. ಸಿನಿಮಾವನ್ನು ಮತ್ತೆ ಹಾಕಿ, ಈ ಸಲ ಧ್ವನಿ ತೆಗೆದು ನೋಡಿದೆ. ಆಗ ಕಂಡದ್ದು ಇಷ್ಟು: ಆಕೆ ನಡೆಯುವುದು ನಮಗೆ ಕಾಣುವುದೇ ಅಪರೂಪ. ಹಿಚ್‌ಕಾಕ್ ಬೇಕೆಂದೇ ಹಾಗೆ ಚಿತ್ರಿಸಿದ್ದರು. ಆ ಮನೆಯ ಯಜಮಾನನ ಹೊಸ ಹೆಂಡತಿ ತಿರುಗಿದರೆ ಆಕೆ ಅಲ್ಲಿ ನಿಂತಿರುತ್ತಾಳೆ, ಯಾವಾಗ ಬಂದಳೋ ಗೊತ್ತಿಲ್ಲ. ಆದರೆ ಸಿನಿಮಾದಲ್ಲಿ ಕತ್ತರಿ ಇದೆ, ನನಗೆ ರಂಗದ ಮೇಲೆ ಇಲ್ಲ. ಹಾಗಾಗಿ ಮನೆಯ ಪಡಸಾಲೆಯಲ್ಲಿ ಹದಿನೈದು ದಿನ ಒಂದೇ ಅಭ್ಯಾಸ ಮಾಡಿದೆ: ಸೀರೆಯ ನೆರಿಗೆ ಅಲುಗದಂತೆ ನಡೆಯುವುದು. ಹೆಜ್ಜೆ ಗೇಣುದ್ದ, ಹಿಮ್ಮಡಿಗಿಂತ ಮೊದಲು ಮುಂಗಾಲು ನೆಲ ಮುಟ್ಟಬೇಕು, ಮಂಡಿ ಸ್ವಲ್ಪ ಸಡಿಲ, ಎರಡೂ ಕೈ ಹೊಟ್ಟೆಯ ಮುಂದೆ ಒಂದರೊಳಗೊಂದು. ಮುಖದಲ್ಲಿ ಏನನ್ನೂ ಮಾಡಬಾರದು. ಮುಖ ಬಿಟ್ಟು ಪಾದಕ್ಕೆ ಗಮನ ಹೋದಾಗ ತಾನಾಗಿಯೇ ಕಣ್ಣು ನಿಂತಿತು. ಆ ಪಾತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು, ಪ್ರಶಸ್ತಿ ಬರಲಿಲ್ಲ. ಬರಬೇಕಿತ್ತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟೆಲ್ಲ ಸೇರಿಸಿ ಮೊದಲ ಕರಡು ಬರೆದೆ. ಹುಟ್ಟಿನಿಂದ ಸಾವಿನವರೆಗೆ, ಒಂದಾದ ಮೇಲೊಂದು. 1936ರಲ್ಲಿ ಜಾನ್ ಗೀಲ್ಗುಡ್‌ರ ಹ್ಯಾಮ್ಲೆಟ್‌ಗೆ ತಾಯಿ ಗರ್ಟ್ರೂಡ್. 1937ರಲ್ಲಿ ಲಂಡನ್ನಿನ ಓಲ್ಡ್ ವಿಕ್‌ನಲ್ಲಿ ಲಾರೆನ್ಸ್ ಒಲಿವಿಯೆ ಜೊತೆ ಲೇಡಿ ಮ್ಯಾಕ್‌ಬೆತ್. 1941ರಲ್ಲಿ ನ್ಯೂಯಾರ್ಕಿನಲ್ಲಿ ಮಾರಿಸ್ ಇವಾನ್ಸ್ ಜೊತೆ ಅದೇ ಪಾತ್ರ. ಮುಂದೆ ಅವರ ಜೊತೆಯೇ ಟಿವಿಯಲ್ಲಿ 1954ರಲ್ಲೊಮ್ಮೆ, 1960ರಲ್ಲೊಮ್ಮೆ, ಎರಡು ಬೇರೆ ಬೇರೆ ನಿರ್ಮಾಣ, ಎರಡಕ್ಕೂ ಎಮ್ಮಿ ಪ್ರಶಸ್ತಿ. ಸಿನಿಮಾಗಳಲ್ಲಿ ‘ಟೆನ್ ಕಮಾಂಡ್‌ಮೆಂಟ್ಸ್’ ಇದೆ, ‘ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್’ ಇದೆ. 1960ರಲ್ಲಿ ಬ್ರಿಟನ್ನಿನ ಡೇಮ್ ಬಿರುದು. ಗೆಳತಿಯ ಮನೆಯಲ್ಲಿ ಎಂಟು ಜನರ ಮುಂದೆ ಓದಿದೆ. ಇಪ್ಪತ್ತು ನಿಮಿಷಕ್ಕೆ ಕಾಫಿ ಲೋಟಗಳ ಸದ್ದು ಶುರುವಾಯಿತು. ಓದಿ ಮುಗಿದ ಮೇಲೆ ಒಬ್ಬರು ಮೆಲ್ಲಗೆ ಹೇಳಿದರು, ‘ಬಹಳ ವಿಷಯ ಗೊತ್ತಾಯಿತು, ಆದರೆ ಆಯಮ್ಮ ಸಿಗಲಿಲ್ಲ.’ ಆ ಮಾತು ನಿಜವಾಗಿತ್ತು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಾಟಕ ಎದ್ದು ನಿಂತಿದ್ದು ‘ಮೆಡಿಯಾ’ದಿಂದ. ಯೂರಿಪಿಡೀಸನ ಆ ಗ್ರೀಕ್ ದುರಂತವನ್ನು ಕವಿ ರಾಬಿನ್ಸನ್ ಜೆಫರ್ಸ್ ಜೂಡಿತ್ ಅವರಿಗಾಗಿಯೇ ಇಂಗ್ಲಿಷಿನಲ್ಲಿ ಹೊಸದಾಗಿ ಬರೆದುಕೊಟ್ಟರು. 1947ರ ಅಕ್ಟೋಬರ್ 20ರಂದು ಬ್ರಾಡ್‌ವೇಯಲ್ಲಿ ತೆರೆ ಎದ್ದಿತು. ನಿರ್ದೇಶನ ಗೀಲ್ಗುಡ್, ಮೆಡಿಯಾಳ ಗಂಡ ಜೇಸನ್ ಪಾತ್ರವೂ ಅವರದೇ. 214 ಪ್ರಯೋಗ ನಡೆದು, ಮಾರನೇ ವರ್ಷ ಜೂಡಿತ್‌ಗೆ ಅಮೆರಿಕದ ರಂಗಭೂಮಿಯ ದೊಡ್ಡ ಪ್ರಶಸ್ತಿಯಾದ ಟೋನಿ ಬಂತು. ಆಗ ಅವರಿಗೆ ಐವತ್ತು. ಮೆಡಿಯಾ ಎಂದರೆ ಗಂಡನಿಗಾಗಿ ತವರನ್ನು ಕಳೆದುಕೊಂಡು, ಪರದೇಶಕ್ಕೆ ಬಂದು, ಅಲ್ಲಿ ಅವನಿಂದಲೇ ದೂರ ತಳ್ಳಿಸಿಕೊಂಡು, ಕೊನೆಗೆ ತನ್ನ ಮಕ್ಕಳನ್ನೇ ಕೊಲ್ಲುವ ಹೆಂಗಸು. ಈ ಪಾತ್ರವನ್ನು ಹೊತ್ತುಕೊಂಡು ಅವರು 1955ರಲ್ಲಿ ಆಸ್ಟ್ರೇಲಿಯಾಕ್ಕೂ ಬಂದರು. ಆ ಪ್ರವಾಸದಲ್ಲಿ ಮೇಳದ ಹೆಂಗಸರಲ್ಲಿ ಒಬ್ಬಳಾಗಿ ಮೆಲ್ಬರ್ನ್‌ನ ಇಪ್ಪತ್ತೆರಡರ ಹುಡುಗಿಯೊಬ್ಬಳು ನಿಂತಿದ್ದಳು. ಹೆಸರು ಜೋಯಿ ಕಾಲ್ಡ್‌ವೆಲ್.

ಇಪ್ಪತ್ತೇಳು ವರ್ಷ ಕಳೆದ ಮೇಲೆ, 1982ರಲ್ಲಿ, ಬ್ರಾಡ್‌ವೇಯಲ್ಲಿ ಅದೇ ಜೆಫರ್ಸ್ ಪಠ್ಯ ಮತ್ತೆ ರಂಗಕ್ಕೆ ಬಂತು. 1947ರ ಪ್ರಯೋಗದ ನಿರ್ಮಾಪಕರಲ್ಲಿ ಒಬ್ಬರಾಗಿದ್ದ ರಾಬರ್ಟ್ ವೈಟ್‌ಹೆಡ್ ಈಗ ನಿರ್ದೇಶಕರು. ಮೆಡಿಯಾ ಪಾತ್ರ ಅವರ ಹೆಂಡತಿ ಜೋಯಿ ಕಾಲ್ಡ್‌ವೆಲ್ ಅವರದು. ಮೆಡಿಯಾಳನ್ನು ಎತ್ತಿ ಆಡಿಸಿದ ಮುದಿ ದಾದಿ ಯಾರು? ಜೂಡಿತ್ ಆಂಡರ್ಸನ್, ಎಂಬತ್ತೈದನೇ ವಯಸ್ಸಿನಲ್ಲಿ.

ಇದನ್ನು ಓದಿದಾಗ ಕುರ್ಚಿಯಿಂದ ಎದ್ದು ಮನೆಯೆಲ್ಲ ಓಡಾಡಿದೆ. ಈ ಪ್ರಯೋಗ ಟಿವಿಗಾಗಿ ದಾಖಲಾಗಿದೆ. ಜೂಡಿತ್ ತಾವೇ ಮೆಡಿಯಾ ಆಗಿದ್ದ 1959ರ ಟಿವಿ ದಾಖಲೆಯೂ ಇದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿದೆ. ಈ ಕಥೆಯಲ್ಲಿ ಮೊದಲ ಮಾತು ಮೆಡಿಯಾಳದಲ್ಲ, ದಾದಿಯದು. ಜೇಸನ್‌ನನ್ನು ಹೊತ್ತು ತಂದ ಆ ಹಡಗು ಬರದೇ ಇದ್ದಿದ್ದರೆ, ಹೀಗಾಗದೇ ಇದ್ದಿದ್ದರೆ ಎಂದು ಅವಳು ಮರುಗುತ್ತಾಳೆ. ಆಮೇಲೆ ಒಳಗಿನಿಂದ ಮೆಡಿಯಾಳ ಗೋಳು. ತಾನು ನೂರಾರು ರಾತ್ರಿ ಗೋಳಾಡಿದ ಗೋಳನ್ನು ಇನ್ನೊಬ್ಬಳ ಗಂಟಲಿನಲ್ಲಿ ಕೇಳುತ್ತಾ ನಿಲ್ಲುವುದು! ಜೂಡಿತ್ ನನಗೆ ಸಿಕ್ಕಿದ್ದು ಅಲ್ಲಿ. ಹಳೆಯ ಕರಡನ್ನು ಬದಿಗಿಟ್ಟು ದಾದಿಯಿಂದ ಶುರು ಮಾಡಿದೆ. ಎಂಬತ್ತೈದರ ನಟಿ ದಾದಿಯ ವೇಷ ತೊಟ್ಟು ತೆರೆ ಏಳಲು ಕಾಯುತ್ತಿದ್ದಾರೆ. ಆ ಕಾಯುವಿಕೆಯೊಳಗೆ ನಾರ್ವುಡ್, ಟ್ರಂಕು, ಡ್ಯಾನ್ವರ್ಸ್, ಎಲ್ಲ ಬಂದು ಹೋಗುತ್ತವೆ.

ಜೆಫರ್ಸ್ ಅವರ ಸಾಲುಗಳನ್ನು ನಾನು ಮುಟ್ಟಲಿಲ್ಲ. ಹಕ್ಕಿನ ಪ್ರಶ್ನೆ ಒಂದು ಕಡೆ, ಅವು ಜೂಡಿತ್ ಅವರ ನಾಲಿಗೆಗೆ ಹೊಲಿದ ಬಟ್ಟೆ ಅನ್ನುವುದು ಇನ್ನೊಂದು ಕಡೆ. ಯೂರಿಪಿಡೀಸನ ಕಥೆಯನ್ನಷ್ಟೇ ಇಟ್ಟುಕೊಂಡು ದಾದಿಯ ಮಾತನ್ನು ನಾನೇ ಬರೆದೆ. ಬಿ.ಎಂ.ಶ್ರೀ. ಸೋಫೋಕ್ಲಿಸನ ಏಜಾಕ್ಸ್‌ನನ್ನು ‘ಅಶ್ವತ್ಥಾಮನ್’ ಮಾಡಿದ ದಾರಿ ಕಣ್ಣ ಮುಂದೆ ಇತ್ತು. ಮೆಡಿಯಾಳಿಗೂ ನಮ್ಮ ಪುರಾಣದ ಹೆಸರು ಕೊಡಲೇ ಎಂದು ಒಂದು ವಾರ ಒದ್ದಾಡಿ ಬಿಟ್ಟೆ. ಅವಳು ಪರದೇಶದವಳಾಗಿಯೇ ಇರಬೇಕು, ಅವಳ ದುಃಖದ ಬೇರು ಅಲ್ಲೇ ಇದೆ. ಮಾತನ್ನು ಮಾತ್ರ ನಡುಗನ್ನಡದ ಕಡೆಗೆ ಸ್ವಲ್ಪ ವಾಲಿಸಿದೆ, ಉಸಿರಿಗೆ ಗಮಕದ ನಿಲುಗಡೆ ಇಟ್ಟೆ.

ಎಂಬತ್ತೈದರ ಮೈ ಹೇಗೆ ಎನ್ನುವುದಕ್ಕೆ ನನ್ನ ಕೆಲಸವೇ ಪಾಠಶಾಲೆ. ನಮ್ಮ ನಾಟಕಗಳಲ್ಲಿ ಮುದುಕಿ ಎಂದರೆ ಬೆನ್ನು ಬಾಗಿಸಿ, ಕೈ ನಡುಗಿಸಿ, ಸೊಂಟ ಹಿಡಿದುಕೊಳ್ಳುವುದು. ನಾನು ದಿನಾ ನೋಡುವ ಹಿರಿಯರು ಹಾಗಿಲ್ಲ. ಅವರು ಏಳುವುದಕ್ಕೆ ಒಂದು ಕ್ರಮವಿದೆ. ಮೊದಲು ಕಣ್ಣು ಹೋಗಬೇಕಾದ ಜಾಗವನ್ನು ನೋಡಿಕೊಳ್ಳುತ್ತದೆ. ಆಮೇಲೆ ಕುರ್ಚಿಯ ಅಂಚಿಗೆ ಜರುಗುತ್ತಾರೆ. ಪಾದಗಳನ್ನು ಹಿಂದಕ್ಕೆ, ಮಂಡಿಯ ಕೆಳಗೆ ಎಳೆದುಕೊಳ್ಳುತ್ತಾರೆ. ಕೈಗಳು ಹಿಡಿಕೆಯನ್ನು ಹುಡುಕುತ್ತವೆ, ಒತ್ತುವ ಮುಂಚೆ ಬೆರಳುಗಳು ಒಮ್ಮೆ ಅದನ್ನು ತಡವಿ ನಂಬಿಕೆ ತಂದುಕೊಳ್ಳುತ್ತವೆ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಒಂದು ಉಸಿರು ಹಿಡಿದು, ಆಗ ಏಳುವುದು. ಎದ್ದ ಮೇಲೆ ಕೂಡಲೇ ನಡೆಯುವುದಿಲ್ಲ. ತಲೆ ತಿರುಗುವುದು ನಿಲ್ಲಲಿ ಎಂದು ಕ್ಷಣ ನಿಲ್ಲುತ್ತಾರೆ. ಆ ಕ್ಷಣದಲ್ಲಿ ಅವರಷ್ಟು ಘನವಾಗಿ ಯಾರೂ ನಿಲ್ಲಲಾರರು. ನಾನು ಪ್ರತಿದಿನ ಕೈ ಕೊಟ್ಟು ಎಬ್ಬಿಸುವ ಅಜ್ಜಿಯೊಬ್ಬರನ್ನು ಕೇಳಿ, ಅವರ ಒಪ್ಪಿಗೆ ಪಡೆದೇ ನೋಡಿ ಕಲಿತೆ. ಅವರು ನನ್ನನ್ನು ಕೂರಿಸಿ, ಏಳಿಸಿ, ‘ಇಷ್ಟು ಬೇಗ ಅಲ್ಲ’ ಎಂದು ಮೂರು ಸಲ ತಿದ್ದಿದರು.

ಎಪ್ಪತ್ತಮೂರನೇ ವಯಸ್ಸಿನಲ್ಲಿ ಜೂಡಿತ್ ತಾವೇ ಹ್ಯಾಮ್ಲೆಟ್ ಪಾತ್ರ ಹಾಕಿ ಅಮೆರಿಕ ಸುತ್ತಿದ್ದರು. ವಿಮರ್ಶಕರಿಗೆ ಹಿಡಿಸಲಿಲ್ಲ. ಪ್ರಯೋಗದಿಂದ ಇದನ್ನು ತೆಗೆದುಹಾಕಲು ಮೂವರು ಹೇಳಿದರು, ನಾನು ಉಳಿಸಿಕೊಂಡೆ. ಗೆಲ್ಲದ ಪಾತ್ರವೂ ಆಸೆಪಟ್ಟು ಮಾಡಿದ ಪಾತ್ರವೇ. 1984ರ ‘ಸ್ಟಾರ್ ಟ್ರೆಕ್’ ಸಿನಿಮಾದ ಪುರೋಹಿತೆಯ ಪಾತ್ರವನ್ನು ಮಾತ್ರ ಕಾಲ ಸಾಲದೆ ಬಿಟ್ಟೆ. ಕೊನೆಯುಸಿರನ್ನೂ ತೋರಿಸುವುದಿಲ್ಲ. ಅವರು ತೀರಿಕೊಂಡಿದ್ದು 1992ರ ಜನವರಿ 3ರಂದು, ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ, ತೊಂಬತ್ತನಾಲ್ಕನೇ ವಯಸ್ಸಿನಲ್ಲಿ. ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸಿದೆ, ಸಾಕು.

ಪ್ರಯೋಗದ ದಿನ ನಲವತ್ತೆಂಟು ನಿಮಿಷ. ಒಂದು ಕುರ್ಚಿ, ಒಂದು ಟ್ರಂಕು, ಕಪ್ಪು ಸೀರೆ, ಅದರ ಮೇಲೆ ಹೊದೆಯಲು ಬೂದು ಬಣ್ಣದ ಶಾಲು. ಮೊದಲ ಸಾಲಿನಲ್ಲಿ ಮಕ್ಕಳಿದ್ದರು. ಡ್ಯಾನ್ವರ್ಸ್ ನಡಿಗೆಗೆ ಒಂದು ಮಗು ಅಮ್ಮನ ಮಡಿಲಿಗೆ ಸರಿದದ್ದು ನನಗೆ ಕಂಡಿತು.

ಮುಗಿದ ಮೇಲೆ ಮಗಳ ಬಾಣಂತನಕ್ಕೆಂದು ಹಾಸನದಿಂದ ಬಂದಿದ್ದ ಹಿರಿಯರೊಬ್ಬರು ಬಣ್ಣದ ಕೋಣೆಗೆ ಬಂದು ನನ್ನ ಕೈ ಹಿಡಿದುಕೊಂಡರು. ‘ತಾನು ಆಳಿದ ಪಾತ್ರವನ್ನು ಇನ್ನೊಬ್ಬಳು ಮಾಡುವಾಗ ಪಕ್ಕದಲ್ಲೇ ನಿಂತಳಲ್ಲ, ಆಯಮ್ಮನಿಗೆ ಹೊಟ್ಟೆಯೊಳಗೆ ಏನಾಗಿರಬಹುದು?’ ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಹಾಗೆಂದೇ ಹೇಳಿದೆ.

ಅದರ ಮರುತಿಂಗಳು ಮೆಲ್ಬರ್ನ್‌ನಲ್ಲಿ ಎರಡನೇ ಪ್ರಯೋಗ. ಪಠ್ಯದಲ್ಲಿ ಒಂದಕ್ಷರವನ್ನೂ ಬದಲಿಸಲಿಲ್ಲ. ದಾದಿ ಕುರ್ಚಿಯಿಂದ ಎದ್ದು, ತಲೆ ತಿರುಗುವುದು ನಿಲ್ಲಲಿ ಎಂದು ನಿಲ್ಲುತ್ತಾಳಲ್ಲ, ಆಗ ಮೆಡಿಯಾ ಹೊರಬರಲಿರುವ ಬಾಗಿಲಿನ ಕಡೆಗೆ ಮುಖ ತಿರುಗಿಸಿದೆ. ಎರಡು ಉಸಿರಿನಷ್ಟು ಹೊತ್ತು ಅದನ್ನೇ ನೋಡಿದೆ. ಆಮೇಲೆ ಸಭೆಯ ಕಡೆ ತಿರುಗಿ ಮೊದಲ ಮಾತು ಹೇಳಿದೆ.